ಒಂದೇ ಮಗ್ಗುಲಲ್ಲಿ ಬರೆದ ಕತೆ

ಮಾಸಪತ್ರಿಕೆಯವರ ಕಥಾಸ್ಪರ್ಧೆಯ ಹೊಸ ನಿಯಮ ಓದಿ ನನಗೆ ಮೈ ಉರಿಯಿತು. ಕತೆಯನ್ನು ಯೂನಿಕೋಡಿನಲ್ಲಿ ಟೈಪು ಮಾಡಿ ಈಮೇಲಿಗೆ ಕಳಿಸಬೇಕಂತೆ. ಈ ಬುದ್ಧಿ ಮೂವತ್ತು ವರ್ಷದ ಹಿಂದೆ ಇವರಿಗೆ ಎಲ್ಲಿ ಹೋಗಿತ್ತು? ಆಗ ‘ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ’ ಎಂದು ಅಚ್ಚು ಹಾಕಿ ನನ್ನ ಮೊದಲ ಕತೆಯನ್ನು ಮಣ್ಣುಪಾಲು ಮಾಡಿದವರು ಇವರೇ.

ಆಗ ನಾನು ಶಿಡ್ಲಘಟ್ಟದ ಕಾಲೇಜಿನಲ್ಲಿದ್ದೆ. ಸಾದಲಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೇ ಹೆಚ್ಚು ಜಾಗ. ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳ ಮೇಯುವಾಗಿನ ಸಣ್ಣ ಮಳೆಯಂಥ ಸದ್ದು, ಈಗಲೂ ನೆನೆದರೆ ಜೀವ ಅಲ್ಲಿಗೇ ಓಡುತ್ತದೆ. ಆ ಸದ್ದಿನ ನಡುವೆ ಕೂತೇ ಕತೆ ಬರೆದೆ. ಹೊಸಬರ ಸ್ಪರ್ಧೆಗೆಂದು ಇಂಕು ಪೆನ್ನಿನಲ್ಲಿ, ಒಂದೇ ಮಗ್ಗುಲಲ್ಲಿ, ಒಂದು ಚಿತ್ತೂ ಕಾಟೂ ಇಲ್ಲದಂತೆ ನಕಲು ಮಾಡಿ, ಧೂಳು ಬೀಳದಿರಲೆಂದು ಹಾಳೆಗಳನ್ನು ಕವುಚಿಟ್ಟು ಗೆಳತಿ ಅಜೀಜಾಳ ಮನೆಗೆ ಹೋದೆ. ಕವರು, ಸ್ಟಾಂಪು ಅವಳ ಲೆಕ್ಕ.

ಅದೇ ಸಂಜೆ ಹುಳ ಹಣ್ಣಾಗಬೇಕೇ! ಹಣ್ಣಾದ ಹುಳವನ್ನು ಅಮ್ಮ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಟ್ಟಿದ್ದಳು. ಗೂಡು ಕಟ್ಟುವ ಮುಂಚೆ ಹುಳ ಉಚ್ಚೆ ಹೊಯ್ಯುತ್ತದೆ. ತೇವ ಹೀರಲು ಕೆಳಗೆ ಪೇಪರು ಹಾಸಬೇಕು. ಹಳೇ ಪೇಪರು ಮುಗಿದಿತ್ತು. ನನ್ನ ಮೇಜಿನ ಮೇಲೆ ಬೆಳ್ಳಗೆ, ಖಾಲಿ ಹಾಳೆಗಳ ಕಟ್ಟು ಕಂಡಿತು. ಓದು ಬಾರದ ಅಮ್ಮ, ಅವಸರದಲ್ಲಿ ತಿರುಗಿಸಿಯೂ ನೋಡದೆ ಹಾಸಿಬಿಟ್ಟಳು.

ನಾನು ಬರುವಷ್ಟರಲ್ಲಿ ನನ್ನ ಕತೆ ಹಳದಿ ನೀರಲ್ಲಿ ನೀಲಿಯಾಗಿ ಹರಡಿತ್ತು. ಒಂದು ಸಾಲೂ ಉಳಿದಿರಲಿಲ್ಲ. ಊರಿಗೇ ಕೇಳುವಂತೆ ಅತ್ತೆ. ಅಮ್ಮ ಆ ಹಾಳೆಗಳನ್ನು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹರವಿದಳು, ಒಣಗಿದರೆ ಅಕ್ಷರ ವಾಪಸು ಬರುತ್ತೇನೋ ಎಂಬಂತೆ. ನೆನಪಿನಿಂದ ಮತ್ತೆ ಬರಿಯೇ ಎಂದು ಅಜೀಜಾ ಗೋಗರೆದಳು. ನನ್ನ ಹಟ ಗೊತ್ತಲ್ಲ, ಪೆನ್ನು ಮುಟ್ಟಲಿಲ್ಲ. ಕೊನೇ ದಿನಾಂಕ ದಾಟಿಹೋಯಿತು.

ಅಮ್ಮ ಮಾತ್ರ ಅಂದಿನಿಂದ ಯಾವ ಕಾಗದವನ್ನೂ ನನ್ನನ್ನು ಕೇಳದೆ ಒಲೆಗೆ ಹಾಕಿದವಳಲ್ಲ. ಲಗ್ನಪತ್ರಿಕೆ, ಕರೆಂಟು ಬಿಲ್ಲು, ಕಡಲೆಕಾಯಿ ಪೊಟ್ಟಣ, ಎಲ್ಲವನ್ನೂ ಬಿಡಿಸಿ ತಂದು ಹಿಡಿಯುತ್ತಾಳೆ. ಒಮ್ಮೊಮ್ಮೆ ರೇಗಿ ಬಿಡುತ್ತಿದ್ದೆ. ಅವಳು ಕೇಳುವುದನ್ನು ಬಿಡಲಿಲ್ಲ.

ಈಗ ನಾವು ಚಿಂತಾಮಣಿಯಲ್ಲಿದ್ದೇವೆ. ಹುಳ ಸಾಕಿ ಎಷ್ಟೋ ವರ್ಷವಾಯಿತು. ಅಜೀಜಾಳ ಕಾಟ ತಡೆಯಲಾರದೆ ಅದೇ ಕತೆಯನ್ನು ಫೋನಿನಲ್ಲಿ ಮತ್ತೆ ಬರೆದೆ. ಇವತ್ತೇ ಕೊನೇ ದಿನ. ಬೆಳಿಗ್ಗೆಯಿಂದ ಅವಳದು ಮೂರು ಸಲ ಫೋನು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟರೆ ಒತ್ತಲು ಧೈರ್ಯ ಬರಲೊಲ್ಲದು. ಆಗ ಹುಡುಗಿಯಾಗಿದ್ದ ನಾನು ಬರೆದದ್ದೇ ಚೆನ್ನಾಗಿತ್ತು, ಇದು ಅದಲ್ಲ ಎನ್ನಿಸಿ ಕೈ ಹಿಂದೆಗೆಯುತ್ತಿದ್ದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಏನೆಂದು ಕೇಳಿದಳು. ಹುಳದ ಕೆಳಗೆ ಹೋಯಿತಲ್ಲ, ಅದೇ ಕತೆ ಎಂದೆ. ಅವಳ ಕೈ ನಿಂತಿತು.

“ಎಲ್ಲೈತೆ? ಎತ್ತಿಟ್ಕೊ ತನುಜಮ್ಮ. ನಾನ್ ಆ ಕಡೆ ಸುಳಿಯಲ್ಲ.”

ಪೇಪರೇ ಇಲ್ಲ, ಎಲ್ಲ ಫೋನಿನಲ್ಲೇ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅಮ್ಮ ಫೋನನ್ನು ಇಸಿದುಕೊಂಡು ಹಿಂದಕ್ಕೆ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಹಂಗಾದ್ರೆ ಇನ್ಮೇಲೆ ನಾನು ಕೇಳೋದು ಬ್ಯಾಡ್ವಾ?”

ನನ್ನ ಕತೆ ಯಾರು ಓದಲಿ, ಬಿಡಲಿ, ಮೂವತ್ತು ವರ್ಷ ಅದನ್ನು ಕಾದವಳು ಒಬ್ಬಳಿದ್ದಳು. ಗುಂಡಿ ಒತ್ತಿದೆ.

“ಕೇಳ್ತಾನೇ ಇರಮ್ಮ” ಎಂದೆ.

ಅಮ್ಮ ಅವರೆಕಾಯಿ ಸಿಪ್ಪೆಯ ಕೆಳಗಿದ್ದ ಪೇಪರನ್ನು ಕೊಡವಿ ನನ್ನ ಕಡೆ ಹಿಡಿದಳು.

“ಇದ್ರಲ್ಲಿ ನಿಂದೇನಾದ್ರೂ ಐತಾ?”

ಎರಡೂ ಮಗ್ಗುಲು ತಿರುಗಿಸಿ ಓದಿ, ಇಲ್ಲಮ್ಮ ಎಂದೆ.