ಸ್ಪಾಟ್ ವೆಲ್ಡರಿಗೆ ಇಟ್ಟ ಕುಂಕುಮ

ಅಂಜನ್‌ಕುಮಾರ್ ಗುಬ್ಬಿಯ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಮೂಢನಂಬಿಕೆ ಕಂಡರೆ ಉರಿದು ಬೀಳುವ ಆಸಾಮಿ. ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ ತಪ್ಪಿಗೆ ತಾಯಿ ನರಸಿಂಹಮ್ಮನಿಗೆ ಊಟದ ಹೊತ್ತಿನಲ್ಲೇ ಪಾಠ ಮಾಡಿದ್ದ.

ಇಂಥ ಮಹಾಶಯ, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಬ್ಯಾಟರಿಯನ್ನು ತಾನೇ ಕಟ್ಟುತ್ತೇನೆಂದು ತಾಮ್ರದ ಮೊನೆಗಳಿಂದ ಕರೆಂಟ್ ಹರಿಸಿ ಬ್ಯಾಟರಿ ಸೆಲ್ಲುಗಳಿಗೆ ಪಟ್ಟಿ ಬೆಸೆಯುವ, ಕೈಯಲ್ಲಿ ಹಿಡಿಯುವಂಥ ಪುಟ್ಟ ಸ್ಪಾಟ್ ವೆಲ್ಡರ್ ತರಿಸಿದ. ಶೆಟ್ಟಿಹಳ್ಳಿಯ ಮನೆಯ ಕಾರ್ ಶೆಡ್ಡೇ ವರ್ಕ್‌ಶಾಪ್ ಆಯಿತು. ಹೊಸ ಮಿಷಿನ್ನು, ಯಾವುದಕ್ಕೂ ಇರಲಿ ಎಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದರ ಎರಡೂ ತಾಮ್ರದ ಮೊನೆಗಳಿಗೆ ವಿಭೂತಿ ಬಳಿದು ದಪ್ಪಗೆ ಕುಂಕುಮ ಇಟ್ಟ.

ಆಮೇಲೆ ಸೆಲ್ಲಿನ ಮೇಲೆ ನಿಕ್ಕಲ್ ಪಟ್ಟಿ ಇಟ್ಟು ಮೊನೆಗಳನ್ನು ಒತ್ತಿದ. ಕಿಡಿಯೂ ಇಲ್ಲ, ಬೆಸುಗೆಯೂ ಇಲ್ಲ. ಪವರ್ ಏರಿಸಿದ. ಕಂಪನಿಯವರ ವಂಶವನ್ನೆಲ್ಲ ಬೈದ. ಕೊನೆಗೆ, ಬೆಳಿಗ್ಗೆ ಮಿಷಿನ್ನು ನೋಡಿ "ಸಖತ್ತಾಗದೆ ಸಾ" ಅಂದಿದ್ದ ಪಕ್ಕದ ಮನೆ ಚಂದ್ರುವಿನ ಕಣ್ಣು ತಾಗಿದೆಯೆಂಬ ವೈಜ್ಞಾನಿಕ ತೀರ್ಮಾನಕ್ಕೆ ಬಂದು, ಬಾಗಿಲಿನ ಅದೇ ನಿಂಬೆಹಣ್ಣು ಬಿಚ್ಚಿ ತಂದು ಮಿಷಿನ್ನಿಗೆ ನಿವಾಳಿಸತೊಡಗಿದ.

ಬೈಗುಳ ಕೇಳಿ ನರಸಿಂಹಮ್ಮ ಹೊಲಿಗೆ ಬಿಟ್ಟು ಎದ್ದು ಬಂದರು. ಸಿಕ್ಕಿಬಿದ್ದ ಮಗ ಅವರ ಮೇಲೇ ಹಾರಿದ: "ಎಲ್ಲಾ ನಿನ್ನಿಂದ್ಲೇ ಕಣಮ್ಮ! ನೀನ್ ಕಲ್ಸಿದ್ ಬುದ್ಧಿ, ನನ್ ಕೈಗೂ ನಿಂಬೆಹಣ್ ಬಂತು!"

ನರಸಿಂಹಮ್ಮ ಕುಂಕುಮ ಮೆತ್ತಿದ್ದ ಮೊನೆಗಳನ್ನು ನೋಡಿದರು, ಮಗನನ್ನೂ ನೋಡಿದರು.

"ನಾನೂ ದಿನಾ ಹೊಲ್ಗೆ ಮಿಷಿನ್ನಿಗೆ ಕುಂಕುಮ ಇಡ್ತೀನಿ ಕಣ್ಲಾ," ಅಂದರು. "ಸೂಜಿಗೆ ಇಡಲ್ಲ."