ಪೂಜೆಗೆ ಹೊಡೆದ ಬೆಳ್ಳಿ ಬಣ್ಣ

ಹಿರಿಯೂರಿನಲ್ಲಿ ಭೌತಶಾಸ್ತ್ರ ಕಲಿಸುವ ಕಾವ್ಯಶ್ರೀ ಭಾನುವಾರಗಳಲ್ಲಿ ಚಿತ್ರದುರ್ಗದ ರೈಲು ಸಂಗ್ರಹಾಲಯಕ್ಕೆ ಬಂದು, ಹಳೆಯ ಉಗಿ ಎಂಜಿನ್ನಿನ ಪಿಸ್ಟನ್ ದಂಡಗಳನ್ನು ಡೀಸೆಲ್ಲಿನಲ್ಲಿ ಉಜ್ಜಿ ಉಜ್ಜಿ ತುಕ್ಕು ಬಿಡಿಸಿದ್ದಳು. ಆಯುಧಪೂಜೆ ಮುಗಿದ ಮೇಲೆ ಚಕ್ರ ತಿರುಗಿಸಿ ನೋಡುವುದೆಂದು ಮಾತಾಗಿತ್ತು.

ಪೂಜೆ ಮುಗಿದು ಇವತ್ತು ಬಂದು ನೋಡಿದರೆ, ದಂಡಕ್ಕೆ ಬೆಳ್ಳಿ ಬಣ್ಣ, ಮೇಲೆ ಕುಂಕುಮ.

“ಯಾರ್ರೀ ಇದನ್ನ ಬಳಿದೋರು?”

“ನಾನೇ ಮೇಡಂ,” ಎಂದ ಜೊತೆಗೆ ದುಡಿಯುವ ಲಾರಿ ಪೇಂಟರ್ ತಿಪ್ಪೇಶ್, ಹೆಮ್ಮೆಯಿಂದ. “ಪೂಜೆಗೆ ಬೋಳು ಕಬ್ಬಿಣ ಇಡಾಕಾಗ್ತೈತಾ? ಎರಡು ಕೋಟ್ ಹೊಡ್ದೀನಿ.”

“ಸಿಲಿಂಡರಿನ ಒಳಗೆ ಹೊರಗೆ ಜಾರೋ ದಂಡ ಕಣಣ್ಣ ಅದು! ಬಣ್ಣ ಇದ್ರೆ ಸಿಕ್ಕಾಕ್ಕೊಂತೈತೆ ಅಂತ ಬಡ್ಕೊಂಡಿದ್ನಲ್ಲ!”

“ಹಬ್ಬದ ದಿನಾನೂ ಬಳೀಬಾರ್ದು ಅಂತ ಅನ್ಲಿಲ್ವಲ್ಲ ಮೇಡಂ.”

ಅವಳಿಗೆ ಅಳುವಷ್ಟು ಸಿಟ್ಟು ಬಂತು. ಚಕ್ರ ಇವತ್ತೂ ತಿರುಗುವುದಿಲ್ಲ. ಮತ್ತೆ ಡೀಸೆಲ್ ಬಟ್ಟೆ ಹಿಡಿದು ಕುಕ್ಕರಿಸಿದಳು. ತಿಪ್ಪೇಶನೂ ಪಕ್ಕದಲ್ಲೇ ಕೂತ.

“ಆ ಕಡೆ ದಂಡಕ್ಕೂ ಬಳ್ದಿದೀಯೇನಣ್ಣ?”

“ಒಂದು ಕಡೆ ಬಿಟ್ರೆ ಚೆಂದ ಕಾಣ್ತೈತಾ ಮೇಡಂ?”