ಬಾಗಿಲಿದ್ದ ಒಂದೇ ಮನೆ

“ಒಮ್ಮೆ ತಗಿಯೋ ಮಡಿವಾಳಾ. ಇಣಿಕಿ ನೋಡಿ ಮುಚ್ಚಿಬಿಡೂಣು” ಎಂದಳು ಶಟ್ಟೆವ್ವ.

ಅವಳ ತೋರುಬೆರಳು ಕೀಬೋರ್ಡಿನ ಬಾಣದ ಗುಂಡಿಯನ್ನು ಬಿಟ್ಟಿರಲಿಲ್ಲ. ಪರದೆಯ ತುಂಬ ಒಂದು ಮುಚ್ಚಿದ ಬಾಗಿಲು. ಎರಡು ಹಲಗೆ, ಕಬ್ಬಿಣದ ಬಳೆ, ಕೆಳಗೆ ಅರಿಷಿಣ ಬಳಿದ ಹೊಸ್ತಿಲು. ಅವಳು ಒತ್ತುತ್ತಲೇ ಇದ್ದಳು. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಅದು ತಗಿಯೂ ಬಾಗಲಾ ಅಲ್ಲತ್ತಿ, ಬರೇ ಚಿತ್ರ. ಅದರ ಹಿಂದ ಏನೂ ಇಲ್ಲ.”

“ನಾ ಹುಟ್ಟಿ ಬೆಳದ ಮನಿ ಅದು. ಏನೂ ಇಲ್ಲಂತ! ಖೋಡಿ, ಹೇಳಾಕ ನಾಚಿಕಿ ಬರೂದಿಲ್ಲೇನು ನಿನಗ?”

ಮಡಿವಾಳೆಪ್ಪನಿಗೆ ಮೂವತ್ತೆರಡು ವರ್ಷ. ಶಟ್ಟೆವ್ವ ಅವನ ಅಪ್ಪನ ಅಕ್ಕ, ಗಂಡ ತೀರಿದ ಮೇಲೆ ಇವರ ಮನೆಯಲ್ಲೇ ಇದ್ದವಳು. ಬೈಯುವುದಕ್ಕೂ ಉಣ್ಣಿಸುವುದಕ್ಕೂ ಅವಳಿಗೆ ಒಂದೇ ದನಿ. ಮುನವಳ್ಳಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವನದೊಂದು ಅಂಗಡಿ. ಹೆಸರಿಗೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಾದರೂ ಎರಡು ಸಾವಿರದ ನಾಲ್ಕರ ಆ ಬೇಸಿಗೆಯಲ್ಲಿ ಅಲ್ಲಿ ನೆರೆಯುತ್ತಿದ್ದವರೆಲ್ಲ ಆಟಕ್ಕೆ ಬಂದವರೇ. ಒಳಗೆ ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಒಂದೇ ತಂತಿ. ನಾಲ್ವರು ಕೂತು ಒಂದೇ ಊರಿನ ಓಣಿಗಳಲ್ಲಿ ಅಡಗಿ ಒಬ್ಬರಿಗೊಬ್ಬರು ಗುಂಡು ಹಾರಿಸುವ ಆಟ. ಆಟದ ಸಿ.ಡಿ.ಯಲ್ಲಿ ನಮಗೆ ಬೇಕಾದ ಜಾಗವನ್ನು ನಾವೇ ಕಟ್ಟಿಕೊಳ್ಳುವ ಸಾಧನವೂ ಇತ್ತು. ಯಾವುದೋ ದೇಶದ ಮರಳುಗಾಡು, ಯಾವುದೋ ಗೋದಾಮು ಆಡಿ ಆಡಿ ಹುಡುಗರಿಗೆ ಬೇಸರ ಬಂದಾಗ ಇವನಿಗೆ ಹೊಳೆಯಿತು: ಹಳೇ ಊರನ್ನೇ ಯಾಕೆ ಕಟ್ಟಬಾರದು?

ಹಳೇ ಊರು ಎಂದರೆ ಮಲಪ್ರಭೆಯ ಆಣೆಕಟ್ಟಿನ ನೀರಿನಲ್ಲಿ ಮೂವತ್ತು ವರ್ಷದ ಹಿಂದೆ ಮುಳುಗಿದ ಅವರ ಊರು. ಬಿಟ್ಟು ಬರುವಾಗ ಮಡಿವಾಳೆಪ್ಪ ಎರಡು ವರ್ಷದ ಕೂಸು. ಟ್ರಂಕಿನಲ್ಲಿದ್ದ ಪರಿಹಾರದ ಕಾಲದ ನಕಾಶೆ ಹಿಡಿದು ಅಳತೆ ತಪ್ಪದಂತೆ ಅರವತ್ತು ಮನೆ ಕಟ್ಟಿದ. ಯಾರೂ ಆಡಲಿಲ್ಲ. ದಿನವೂ ಬರುತ್ತಿದ್ದ ಡಿಗ್ರಿ ಓದುವ ಅರ್ಜುನ ಮುಖದ ಮೇಲೇ ಹೇಳಿಬಿಟ್ಟ: “ಸರ್, ಸಿಟ್ಟ ಮಾಡ್ಕೋಬ್ಯಾಡ್ರಿ. ಊರ ಅನಸವಲ್ದು. ಡಬ್ಬಿ ಜೋಡಿಸಿ ಇಟ್ಟಂಗ ಐತ್ರಿ.”

ಮಧ್ಯಾಹ್ನ ರೊಟ್ಟಿ ತಂದ ಶಟ್ಟೆವ್ವ ಅದನ್ನು ಕೇಳಿ ಪರದೆ ನೋಡಿ ನಕ್ಕಳು. “ಊರ ಅಂದ್ರ ಹಿಂಗ ನೆಟ್ಟಗ ಇರ್ತೇತೇನೋ? ಮುದಕವ್ವನ ಜಗಲಿಗೆ ನಡುವಿನ ಪಾವಟಗಿನ ಇರಲಿಲ್ಲ. ಬಾವಿ ಕಲ್ಲಿಗೆ ಹಗ್ಗ ತಿಕ್ಕಿ ತಿಕ್ಕಿ ಬೆರಳ ಹೋಗೂವಷ್ಟ ಗೀರ ಬಿದ್ದಿದ್ವು. ಅಗಸಿ ಮೂಲ್ಯಾಗ ಎಮ್ಮಿ ಮೈ ತಿಕ್ಕಿ ಗ್ವಾಡಿ ಸೊಟ್ಟ ಆಗಿತ್ತು.”

ಆಟಕ್ಕೆ ನಯಾಪೈಸೆ ಉಪಯೋಗವಿಲ್ಲದ ಮಾತು ಇವೆಲ್ಲ. ಆದರೂ ಅವನು ಒಂದೊಂದನ್ನೂ ಸೇರಿಸಿದ. ಮೆಟ್ಟಿಲು ಕಿತ್ತ, ಕಲ್ಲಿಗೆ ಗೀರು ಹಾಕಿದ, ಗೋಡೆ ಸೊಟ್ಟ ಮಾಡಿದ. ಕಡೆಗೆ ಅವಳು ಇನ್ನೊಂದು ಮಾತು ಹೇಳಿದಳು. ಊರು ಬಿಡುವ ದಿನ ಯಾವ ಮನೆಗೂ ಬಾಗಿಲಿರಲಿಲ್ಲ. ಹೊಸ್ತಿಲನ್ನು ನೀರಿಗೆ ಬಿಟ್ಟು ಬರಲು ಯಾರಿಗೂ ಮನಸ್ಸಾಗಲಿಲ್ಲ. ಹೊಸ್ತಿಲು, ಚೌಕಟ್ಟು, ಬಾಗಿಲು ಮೂರನ್ನೂ ಇಡಿಯಾಗಿ ಕಿತ್ತು ಚಕ್ಕಡಿಗೆ ಹೇರಿದರು. ಹೊಸ ಊರಿನಲ್ಲಿ ಮೊದಲು ಆ ಚೌಕಟ್ಟು ನಿಲ್ಲಿಸಿ, ಆಮೇಲೆ ಅದರ ಸುತ್ತ ಗೋಡೆ ಕಟ್ಟಿದರು. ಇವತ್ತಿಗೂ ಅಲ್ಲಿನ ಸಿಮೆಂಟು ಮನೆಗಳಿಗೆ ಅಜ್ಜನ ಕಾಲದ ಸಾಗವಾನಿ ಬಾಗಿಲೇ ಇವೆ.

“ನಮ್ಮ ಮನಿದೊಂದ ಬರಲಿಲ್ಲ. ತೊಲಿಗೆ ವರ್ಲಿ ಹತ್ತೇತಿ ಅಂತ ಅಪ್ಪ ಬಿಟ್ಟ ಬಂದ” ಎಂದಿದ್ದಳು.

ಹಾಗೆ ಅವನು ಎಲ್ಲ ಬಾಗಿಲುಗಳನ್ನೂ ಕಿತ್ತು ಹಾಕಿದ, ಗೆದ್ದಲು ಹಿಡಿದ ತಮ್ಮ ಮನೆಯದೊಂದನ್ನು ಉಳಿಸಿ. ಅಬ್ಬಾ, ಆಮೇಲೆ ಊರು ಬೇರೆಯೇ ಆಯಿತು! ಬಾಯಿ ತೆರೆದು ನಿಂತ ಐವತ್ತೊಂಬತ್ತು ಮನೆ, ಅವುಗಳ ನಡುವೆ ಮುಚ್ಚಿದ ಬಾಗಿಲಿನದು ಒಂದು. ಹುಡುಗರು ಬೇರೆ ಜಾಗ ಕೇಳುವುದನ್ನೇ ಬಿಟ್ಟರು. ಕೂಗಾಟ ನಿಂತಿತು. ಬಂದೂಕು ಹಿಡಿದು ಒಳಗೆ ಹೊಕ್ಕವರು ಸುಮ್ಮನೆ ಓಣಿ ಓಣಿ ಅಡ್ಡಾಡಿ ಬರತೊಡಗಿದರು. ಆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಲು ಮಾತ್ರ ಒಬ್ಬನೂ ಒಪ್ಪುತ್ತಿರಲಿಲ್ಲ.

“ಗುಂಡ ಹಾರಸಾಕ ಮನಸ ಆಗೂದಿಲ್ರಿ ಸರ್. ಎಲ್ಲಾರೂ ಈಗಿನ್ನ ಎದ್ದ ಹ್ವಾದಂಗ ಅನಸ್ತೇತಿ” ಎಂದ ಅರ್ಜುನ ಒಂದು ಮಧ್ಯಾಹ್ನ. “ಮತ್ತ ಆ ಮನಿ ಮುಂದ ನಿಂತ್ರ ಒಳಗ ಯಾರೋ ಅಡ್ಡಾಡಿದಂಗ ಕೇಳಸ್ತೇತ್ರಿ. ಅದೇನ ಸಪ್ಪಳಾ ಹಾಕೀರಿ? ಒಂದ ಕಾಲ ಎಳದ ಎಳದ ನಡದಂಗ.”

“ಅಂಥಾದ್ದ ಏನೂ ಹಾಕಿಲ್ಲೋ. ಗಾಳಿ, ಪಾರಿವಾಳ, ಅಷ್ಟ” ಎಂದ ಮಡಿವಾಳೆಪ್ಪ.

ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಶಟ್ಟೆವ್ವನ ಕೈ ನಿಂತಿತು. ಅರ್ಜುನನನ್ನು ಎಬ್ಬಿಸಿ ತಾನೇ ಕುರ್ಚಿಯಲ್ಲಿ ಕೂತಳು. “ಯಾವದ ಒತ್ತಿದ್ರ ನಡೀತೇತಿ?” ಎಂದು ಕೇಳಿ ಊರ ಮುಂದಿನ ಅಗಸೆಯಿಂದ ಹೊರಟಳು. ಒಂದು ತಿರುವನ್ನೂ ತಪ್ಪದೆ, ಬಾವಿ ಬಳಸಿ, ನೇರ ಆ ಬಾಗಿಲಿಗೆ ಬಂದು ನಿಂತಳು. ಹುಡುಗರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು.

ಈಗ ಅಂಗಡಿಯಲ್ಲಿ ಅತ್ತೆ ಅಳಿಯ ಇಬ್ಬರೇ. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಯರಗಟ್ಟಿ ಬಸ್ಸಿನ ಕಂಡಕ್ಟರ್ ಒಂದೇ ಸಮನೆ ಊರ ಹೆಸರು ಕೂಗುತ್ತಿದ್ದ. ಶಟ್ಟೆವ್ವನಿಗೆ ಅದಾವುದೂ ಕೇಳಿಸುವಂತಿರಲಿಲ್ಲ.

“ಹಿಂಗ ಆಗಿತ್ತು ಆವತ್ತೂ” ಎಂದಳು ಮೆಲ್ಲಗೆ. “ಹಿಂಗ ದಬ್ಬಿದ್ನಿ. ಹಿಂಗ ಗಟ್ಟ್ಯಾಗಿ ನಿಂತಿತ್ತು.”

“ಎಂದ?”

“ಊರ ಬಿಟ್ಟ ದಿನಾ. ಮುಂಜಾನೆ. ಕಡೇ ಸರ್ತೆ ಹೊಸ್ತಿಲ ಪೂಜಿ ಮಾಡೂಣು ಅಂತ ಚಕ್ಕಡಿ ಇಳದ ಹೊಳ್ಳಿ ಬಂದೆ. ಬಾಗಲಾ ಹಾಕಿತ್ತು. ಬಾಯವ್ವ ಒಳಗಿಂದ ಅಗಳಿ ಹಾಕ್ಕೊಂಡಿದ್ಲು.”

ಬಾಯವ್ವನ ಹೆಸರು ಆ ಮನೆಯಲ್ಲಿ ಹೆಚ್ಚು ಕೇಳಿಬರುತ್ತಿರಲಿಲ್ಲ. ಶಟ್ಟೆವ್ವನ ತಂಗಿ ಅವಳು, ಆಗ ಹತ್ತೊಂಬತ್ತು ವರ್ಷದವಳು. ಹುಟ್ಟಿದಾಗಿನಿಂದ ಎಡಗಾಲು ಸೊಟ್ಟ. ಹಳೇ ಊರಿನ ಒಂದೊಂದು ಕಲ್ಲೂ ಅವಳ ಕಾಲಿಗೆ ಗೊತ್ತಿತ್ತು, ಕೋಲಿಲ್ಲದೆ ಓಡಾಡುತ್ತಿದ್ದಳು. ‘ಹೊಸಾ ಊರಾಗ ನಾ ಕುಂಟಿ ಆಗ್ತೇನಿ, ಇಲ್ಲಿ ನಾ ಬಾಯವ್ವ’ ಎಂದು ಹಟ ಹಿಡಿದು ಕೂತಿದ್ದಳಂತೆ. ಅವರ ಅಪ್ಪ, ಮಡಿವಾಳೆಪ್ಪನ ಅಜ್ಜ ಬಸಲಿಂಗಪ್ಪ ಸಂಜೆ ಅವಳನ್ನೂ ಬಾಗಿಲ ಚೌಕಟ್ಟನ್ನೂ ತರಲೆಂದು ಒಬ್ಬನೇ ಚಕ್ಕಡಿ ಹೂಡಿಕೊಂಡು ಹೋದವನು ಬರಿ ಚಕ್ಕಡಿಯಲ್ಲಿ ತಿರುಗಿ ಬಂದ. ‘ಬಾಗಲಾ ಹಾಕಿದ್ದ ಹಾಕಿದಂಗ ಐತಿ, ವರ್ಲಿ ಹತ್ತೇತಿ, ಬಿಟ್ಟ ಬಂದ್ನಿ. ಬಾಯವ್ವ ಸಿರಸಂಗಿ ಹಾದಿ ಹಿಡದ ಹ್ವಾದ್ಲು, ನಾನ ಕಣ್ಣಾರೆ ನೋಡೇನಿ’ ಎಂದ. ಎಂಟು ದಿನಕ್ಕೆ ಮಿರಗದ ಮಳೆ ಹಿಡಿಯಿತು, ಊರೊಳಗೆ ನೀರು ಬಂತು. ಬಸಲಿಂಗಪ್ಪ ಸಾಯುವವರೆಗೂ ಆ ಮಾತು ಮತ್ತೆ ಎತ್ತಲಿಲ್ಲ.

ಶಟ್ಟೆವ್ವ ಮಾತ್ರ ಮೂವತ್ತು ವರ್ಷ ತಪ್ಪದೆ ಸಿರಸಂಗಿಗೆ ಹೋದಳು. ಕಾಳಿಕಾದೇವಿಯ ಗುಡಿಯ ಸಾಲಿನಲ್ಲಿ ನಿಂತು ದೇವಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಹೆಂಗಸರ ಕಾಲು ನೋಡುತ್ತಿದ್ದಳು. ತಂಗಿ ಎಲ್ಲೋ ಇದ್ದಾಳೆ, ಸಿಟ್ಟು ಇಳಿದ ದಿನ ಬರುತ್ತಾಳೆ ಎಂಬುದೊಂದೇ ಅವಳ ಜೀವಕ್ಕಿದ್ದ ಆಸರೆ.

“ಕಟ್ಟು” ಎಂದಳು ಈಗ. “ಒಳಗ ಏನೂ ಇಲ್ಲ ಅಂದೆಲ್ಲ, ಕಟ್ಟು. ನಾ ಹೇಳ್ತೇನಿ.”

ಮಡಿವಾಳೆಪ್ಪನಿಗೆ ಅಳುಕಾಯಿತು. ಅತ್ತೆಗೆ ಹೇಳದ ಒಂದು ಸಂಗತಿಯಿತ್ತು. ಕಟ್ಟುವವನು ಬೇಕಾದರೆ ಗೋಡೆಯನ್ನು ದಾಟಿ ಹೋಗಬಹುದು. ಒಮ್ಮೆ ಅವನು ಹಾಗೆ ಆ ಬಾಗಿಲಿನ ಆಚೆ ಹೋಗಿದ್ದ. ಏನೂ ಕಟ್ಟದ ಜಾಗದಲ್ಲಿ ಕಂಪ್ಯೂಟರಿಗೆ ತೋರಿಸಲು ಏನೂ ಇರುವುದಿಲ್ಲ. ಹಿಂದೆ ಕಂಡದ್ದನ್ನೇ ಮತ್ತೆ ಮತ್ತೆ ಬಳಿಯುತ್ತದೆ. ಅದು ಗೊತ್ತಿದ್ದೂ, ಬಾಗಿಲ ಹಿಂದೆ ಬಾಗಿಲು, ಅದರ ಹಿಂದೆ ಇನ್ನೊಂದು, ನೂರಾರು ಮುಚ್ಚಿದ ಬಾಗಿಲು ಅವನು ಅಲುಗಿದಂತೆಲ್ಲ ಅಲುಗುತ್ತ ಹಿಂಬಾಲಿಸಿದಾಗ ಹಾಡಹಗಲೇ ಮೈ ಬೆವತು ಸ್ವಿಚ್ಚನ್ನೇ ಆರಿಸಿದ್ದ. ಅಂಥದ್ದನ್ನು ಅತ್ತೆಯ ಕಣ್ಣಿಗೆ ಬೀಳಿಸುವುದಕ್ಕಿಂತ ಮನೆ ಕಟ್ಟುವುದೇ ಮೇಲು ಅನ್ನಿಸಿತು.

ಮೂರು ಮಧ್ಯಾಹ್ನ ಶಟ್ಟೆವ್ವ ಹೇಳಿದಳು, ಅವನು ಕಟ್ಟಿದ. ಒಳಗೆ ಹೊಕ್ಕ ಕೂಡಲೇ ಎಡಕ್ಕೆ ದನ ಕಟ್ಟುವ ಜಾಗ, ಕಲ್ಲಿನ ಗೋದಲಿ. ಬಲಕ್ಕೆ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ. ಕಂಬದ ಬುಡದಲ್ಲಿ ಬೀಸುವ ಕಲ್ಲು. ಅಡುಗೆ ಮನೆಯ ಚಪ್ಪಟೆ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಊಟದ ತಾಟಿನಷ್ಟು ಅಗಲ. ಕಂಬ ಒಂದು ಗೇಣು ಆಚೀಚೆ ಆದರೂ ಅವಳು ಒಪ್ಪಲಿಲ್ಲ. “ಅಲ್ಲಿಟ್ರ ಬಾಯವ್ವನ ಕೈಗೆ ಸಿಗೂದಿಲ್ಲೋ. ಅಕಿ ಕಂಬಾ ಹಿಡಕೊಂಡ ಮೆಟ್ಟಲಾ ಹತ್ತತಿದ್ಲು” ಎನ್ನುವಳು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ಬಂದಿತ್ತು. ಹುಡುಗಿಯ ಹಾಗೆ ನಗುತ್ತಿದ್ದಳು, ತಂಗಿಯ ಹಟದ ಕಥೆ ಹೇಳುತ್ತಿದ್ದಳು, ಅವನಿಗೆ ಸಂತೋಷವೇ ಆಗುತ್ತಿತ್ತು.

ಮೂರನೆಯ ದಿನ ಮನೆ ಮುಗಿಯಿತು. ಇನ್ನು ಬಾಗಿಲು ತೆರೆಯುವ ಹಾಗೆ ಮಾಡಿದರೆ ಆಯಿತು. ಅದಕ್ಕೂ ಮೊದಲು ಕಸುಬಿನವನ ಒಂದು ಪ್ರಶ್ನೆ ಅವನಿಗೆ ಉಳಿದಿತ್ತು. ಇಂಥ ಆಟದಲ್ಲಿ ಒಂದೇ ಬಾಗಿಲಿನ ಮನೆ ಕಟ್ಟಬಾರದು. ಒಳಗೆ ಹೊಕ್ಕವನು ಸಿಕ್ಕಿಬೀಳುತ್ತಾನೆ.

“ಅತ್ತಿ, ಹಿತ್ತಲ ಬಾಗಲಾ ಯಾ ಕಡೆ ಇತ್ತು? ಒಳಗ ಹೊಕ್ಕಾವರಿಗೆ ಹೊರಗ ಬೀಳಾಕ ಇನ್ನೊಂದ ದಾರಿ ಬೇಕು.”

“ಹಿತ್ತಲ ಬಾಗಲಾ?” ಶಟ್ಟೆವ್ವ ನಕ್ಕಳು. “ನಮಗೆಲ್ಲಿ ಹಿತ್ತಲಾ ಬಂತೋ? ಹಿಂದ ಮುದಕವ್ವನ ಮನಿ ಗ್ವಾಡಿ. ಇದ್ದದ್ದ ಒಂದ ಬಾಗ...”

ಅವಳ ಕಣ್ಣು ಪರದೆಯ ಮುಚ್ಚಿದ ಬಾಗಿಲಿಗೆ ಹೋಯಿತು.

ಮಡಿವಾಳೆಪ್ಪನಿಗೂ ಆಗಲೇ ಹೊಳೆದದ್ದು. ಬೆಳಿಗ್ಗೆ ಒಳಗಿನಿಂದ ಹಾಕಿದ ಅಗಳಿ. ಸಂಜೆ ಅಜ್ಜ ಹೋದಾಗಲೂ ಹಾಕಿದ ಹಾಗೆಯೇ ಇದ್ದ ಬಾಗಿಲು. ಹೊರಬೀಳಲು ಬೇರೆ ದಾರಿಯೇ ಇಲ್ಲದ ಮನೆ. ಎಲ್ಲ ಮಾತೂ ಅತ್ತೆಗೆ ಮೂವತ್ತು ವರ್ಷದಿಂದ ಗೊತ್ತಿದ್ದದ್ದೇ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೇ. ಯಾಕಾದರೂ ಕೇಳಿದೆನೋ ಅನ್ನಿಸಿತು ಅವನಿಗೆ.

ಶಟ್ಟೆವ್ವ ಬಾಯಿ ತೆರೆದಳು. ಬೈಗುಳವೂ ಇಲ್ಲ, ಅಳುವೂ ಇಲ್ಲ.

“ಆವತ್ತ ಸಂಜಿಗೆ ಅಪ್ಪನ ಧೋತರಾ ನಾನ ಒಗದ್ನಿ. ಎರಡೂ ಮೊಣಕಾಲಿಗೆ ಮಾಳಿಗಿ ಮ್ಯಾಲಿನ ಬಿಳೇ ಮಣ್ಣ ಹತ್ತಿತ್ತು. ಬಾಗಲಾ ತರಾಕ ಹ್ವಾದಾಂವ ಮಾಳಿಗಿ ಯಾಕ ಹತ್ತಿದ್ದ ಅಂತ ನಾ ಕೇಳಲಿಲ್ಲ.” ಅವಳು ಬೆಳಕಿಂಡಿಯ ಕಡೆ ನೋಡುತ್ತಿದ್ದಳು. “ಮೊಣಕಾಲ ಊರಿ ಇಣಿಕಿ ನೋಡ್ಯಾನ. ಕೆಳಗ ಏನ ಕಂಡನೋ ಯಪ್ಪಾ. ಅದಕ್ಕ ಬಾಗಲಾ ಕೀಳಲಿಲ್ಲ ಅಂವಾ. ಅದನ್ನ ಅಕಿಗೇ ಬಿಟ್ಟ ಬಂದಾನ.”

“ಅತ್ತಿ, ನಡೀ ಮನಿಗೆ ಹೋಗೂಣು” ಎಂದ ಅವನು.

“ತಡಿ.” ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. “ಮುಂದಿನ ಬಾಗಲಾ ಹಂಗ ಇರಲಿ, ತಗಿಯೂದ ಬ್ಯಾಡ. ಯಾರೂ ಒಳಗ ಹೋಗೂದೂ ಬ್ಯಾಡ.” ಆಮೇಲೆ, ಯಾವತ್ತೂ ಅವನೆದುರು ಏನನ್ನೂ ಬೇಡದವಳು, ಬೇಡುವ ದನಿಯಲ್ಲಿ ಕೇಳಿದಳು: “ಒಂದ ಹಿತ್ತಲ ಬಾಗಲಾ ಇಡ್ತಿಯೇನೋ ನನ್ನಪ್ಪಾ?”

“ಹಿಂದ ಮುದಕವ್ವನ ಮನಿ ಐತಿ ಅಂದೆಲ್ಲ?”

“ಸರಸು ಅದನ್ನ. ನೀ ಕಟ್ಟಿದ್ದ ಊರು. ನಿನ್ನ ಮಾತ ಕೇಳ್ತೇತಿ.”

ಅವನು ಮುದಕವ್ವನ ಮನೆಯನ್ನು ಹತ್ತು ಮಾರು ಆಚೆ ಸರಿಸಿದ. ಅಡುಗೆ ಮನೆಯ ಹಿಂದಿನ ಗೋಡೆಯಲ್ಲಿ ಆಳೆತ್ತರದ ತುಂಡೊಂದನ್ನು ಕತ್ತರಿಸಿ ತೆಗೆದ. ಹೊರಗಿನ ಬಿಸಿಲು ಒಲೆಯ ಮುಂದಿನ ನೆಲದ ಮೇಲೆ ಉದ್ದಕ್ಕೆ ಬಿತ್ತು. ಶಟ್ಟೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದಳು.

“ಹಾದಿ?”

ಬಾಗಿಲಿನಿಂದ ಮಣ್ಣಿನ ಹಾದಿಯೊಂದನ್ನು ಎಳೆದ. ಅವಳು ಹೇಳಿದಂತೆ ಸಿರಸಂಗಿಯ ಕಡೆಗೆ, ಹೊಲಗಳ ನಡುವೆ, ನಕಾಶೆಯ ಅಂಚಿನವರೆಗೆ.

“ಇನ್ನೇನಾರ ಹಾಕ್ಲಿ, ಅತ್ತಿ?”

“ಬ್ಯಾಸಗಿ ಐತಿ, ಅಕಿ ಸಾವಕಾಶ ನಡೀತಾಳ” ಎಂದಳು ಶಟ್ಟೆವ್ವ. “ಹಾದಿಗೆ ಒಂದೀಟ ನೆಳ್ಳ ಮಾಡು.”

ಅವನು ಹಾದಿಯ ಬದಿಗೆ ಒಂದು ಬೇವಿನ ಮರ ನೆಟ್ಟ. ಸ್ವಲ್ಪ ದೂರಕ್ಕೆ ಇನ್ನೊಂದು ನೆಟ್ಟ. ಸಾಕೇನು ಎಂಬಂತೆ ಅತ್ತೆಯ ಮುಖ ನೋಡಿದ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಅವನು ಮತ್ತೊಂದು ಮರ ನೆಟ್ಟ.